ಫೈಲು ಒಂದೇ, ಮಣ್ಣು ಬೇರೆ

ಸಿಂಧನೂರಿನ ಕಡೆ ಭತ್ತದ ಕಟಾವಿನ ಹೊತ್ತಿನಲ್ಲಿ ಹಾರ್ವೆಸ್ಟರ್ ಕೆಟ್ಟು ನಿಂತರೆ ಎಷ್ಟೋ ಸಲ ಕಾರಣ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಸವೆದ ಬುಷ್, ಹಲ್ಲು ಮುರಿದ ಗೇರು, ಸೀಳಿದ ಒಂದು ಪ್ಲಾಸ್ಟಿಕ್ ಬಿಲ್ಲೆ. ಯಂತ್ರದ ಬಾಡಿಗೆ ಗಂಟೆ ಲೆಕ್ಕದ್ದು, ಆಕಾಶದಲ್ಲಿ ಮೋಡ ಬೇರೆ. ಬಿಡಿಭಾಗ ಊರಲ್ಲಿ ಸಿಗದಿದ್ದರೆ ರಾಯಚೂರಿನಿಂದಲೋ ಬಳ್ಳಾರಿಯಿಂದಲೋ ಬಸ್ಸಿಗೆ ಹಾಕಿಸಿಕೊಂಡು ಕಾಯಬೇಕು. 3ಡಿ ಮುದ್ರಣವನ್ನು ಹೊಗಳುವವರು ಆಸೆ ತೋರಿಸುವುದು ಇಂಥ ಕಡೆಯೇ: ವಸ್ತುವನ್ನು ಸಾಗಿಸುವುದೇಕೆ, ಅದರ ನಕ್ಷೆಯ ಫೈಲನ್ನು ಫೋನಿನಲ್ಲಿ ಕಳಿಸಿ, ಊರಲ್ಲೇ ಒಂದು ಯಂತ್ರವಿದ್ದರೆ ಸಂಜೆಯೊಳಗೆ ಬುಷ್ ಕೈಯಲ್ಲಿರುತ್ತದೆ.

ಆಸೆ ಸುಳ್ಳಲ್ಲ. ಯಂತ್ರಗಳೂ ಈಗ ಅಪರೂಪವಲ್ಲ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಿಂದಾಗಿ ದೇಶದ ಸಾವಿರಾರು ಶಾಲೆಗಳ ಮಕ್ಕಳು 3ಡಿ ಮುದ್ರಣ ಯಂತ್ರವನ್ನು ಮುಟ್ಟಿ ನೋಡಿದ್ದಾರೆ. ನೈಲಾನ್ ಅಥವಾ ಬೇರೆ ಪ್ಲಾಸ್ಟಿಕ್ಕಿನ ದಾರದಂಥ ಸುರುಳಿಯನ್ನು ಕಾದ ನಾಜಲ್ಲಿನ ಮೂಲಕ ಕರಗಿಸಿ, ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ದಪ್ಪದ ಪದರಗಳನ್ನು ಒಂದರ ಮೇಲೊಂದು ಎಳೆಯುತ್ತ ಹೋಗುವುದೇ ಇದರ ಕೆಲಸ. ಆದರೆ ಹಾರ್ವೆಸ್ಟರಿನ ಮಾಲೀಕ ಕೇಳುವ ಪ್ರಶ್ನೆ ಬೇರೆ. ಬೆಂಗಳೂರಿನ ಪೀಣ್ಯದಲ್ಲಿ ಮುದ್ರಿಸಿದ ಬುಷ್ ಒಂದು ಸುಗ್ಗಿ ತಾಳಿತು ಎಂದಿರಿ. ಅದೇ ಫೈಲಿನಿಂದ ಸಿಂಧನೂರಿನಲ್ಲಿ ಮುದ್ರಿಸಿದ್ದೂ ಅಷ್ಟೇ ತಾಳುತ್ತದೆಯೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ವಿಧಾನವೇ ಒಂದು ಶಾಸ್ತ್ರ. ಹಲವು ಊರು, ಹಲವು ಯಂತ್ರ, ಹಲವು ಕೈಗಳಲ್ಲಿ ಒಂದೇ ವಸ್ತುವನ್ನು ಮಾಡಿಸಿ ಹೋಲಿಸುವುದು ಹೇಗೆ, ಹೋಲಿಕೆ ನ್ಯಾಯವಾಗಿರಬೇಕಾದರೆ ಯಾವುದನ್ನು ಕಟ್ಟಿಹಾಕಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಮಾನದಂಡಗಳಿವೆ. ಅವು ಓದಲು ನೀರಸ. ಅವುಗಳ ಹಿಂದಿನ ಯೋಚನೆ ಮಾತ್ರ ನೀರಸವಲ್ಲ, ಮತ್ತು ಅದರ ಎರಡು ಬೇರುಗಳೂ ಸಿಂಧನೂರಿನ ಆಸುಪಾಸಿನಲ್ಲೇ ನೋಡಲು ಸಿಗುತ್ತವೆ.

ಮೊದಲನೆಯದು ಲಿಂಗಸುಗೂರು ತಾಲ್ಲೂಕಿನ ಹಟ್ಟಿಯದು. ಚಿನ್ನದ ಗಣಿಯಲ್ಲಿ ಅದಿರು ಅಗೆಯುವುದಕ್ಕಿಂತ ಮೊದಲಿನ ಕೆಲಸ ಅದರಲ್ಲಿ ಚಿನ್ನ ಎಷ್ಟಿದೆ ಎಂದು ತಿಳಿಯುವುದು. ಒಂದು ಟನ್ ಕಲ್ಲಿನಲ್ಲಿ ಕೆಲವೇ ಗ್ರಾಂ. ಅದನ್ನು ಅಳೆಯಲು ಹಳೆಯ, ಇಂದಿಗೂ ನೆಚ್ಚುವ ದಾರಿ ಬೆಂಕಿಯದು: ಕಲ್ಲನ್ನು ನುಣ್ಣಗೆ ಪುಡಿ ಮಾಡಿ, ಸೀಸದ ಆಕ್ಸೈಡ್ ಮುಂತಾದವನ್ನು ಬೆರೆಸಿ ಕುಲುಮೆಯಲ್ಲಿ ಕರಗಿಸಿದರೆ ಚಿನ್ನವೆಲ್ಲ ಸೀಸದ ಗುಂಡಿನೊಳಗೆ ಸೇರಿಕೊಳ್ಳುತ್ತದೆ, ಆ ಸೀಸವನ್ನು ಸುಟ್ಟು ಕಳೆದರೆ ಉಳಿಯುವ ಸಣ್ಣ ಮಣಿಯನ್ನು ತೂಗಬೇಕು. ಒಂದು ಪ್ರಯೋಗಾಲಯದ ಮಾತನ್ನು ನಂಬಬಹುದೇ ಎಂಬ ಅನುಮಾನ ಬಂದಾಗ ಚಿನ್ನದ ಲೋಕದವರು ಮಾಡುವುದು ಸರಳ. ಚೆನ್ನಾಗಿ ಕಲಸಿದ ಅದೇ ಪುಡಿಯನ್ನು ಪಾಲು ಮಾಡಿ, ಒಂದು ಪಾಲನ್ನು ಇನ್ನೊಂದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಪುಡಿ ಒಂದೇ ಆದ್ದರಿಂದ ಎರಡು ಅಂಕಿಗಳ ನಡುವಿನ ಅಂತರ ಬಹುಮಟ್ಟಿಗೆ ಅಳೆದವರದ್ದು.

ಅಳತೆಯ ವಿಧಾನಗಳನ್ನು ತೂಗಿ ನೋಡುವ ಪ್ರಸಿದ್ಧ ಮಾನದಂಡಗಳು, ಅಂದರೆ ಅಮೆರಿಕದ ಎಎಸ್‌ಟಿಎಂ ಇ691 ಮತ್ತು ಅಂತಾರಾಷ್ಟ್ರೀಯ ಐಎಸ್‌ಒ 5725, ಈ ಬಗೆಯ ಯೋಚನೆಯ ಮೇಲೇ ನಿಂತಿವೆ. ಒಂದೇ ವಸ್ತುವನ್ನು ಹಂಚು, ಹಲವರು ಅಳೆಯಲಿ. ಎಷ್ಟು ಪ್ರಯೋಗಾಲಯಗಳು ಬೇಕು? 30 ಇದ್ದರೆ ಒಳ್ಳೆಯದು, ಆದರೆ ಆರಕ್ಕಿಂತ ಕಡಿಮೆಯಾದರೆ ಕೊನೆಯ ಮಾತು ಹೇಳಲೇಬೇಡಿ ಎನ್ನುತ್ತದೆ ಇ691.

3ಡಿ ಮುದ್ರಣಕ್ಕೆ ಬಂದಾಗ ಈ ಯೋಚನೆ ಕಾಲು ಮುರಿದುಕೊಳ್ಳುತ್ತದೆ. ಮುದ್ರಿಸಿದ ಬುಷ್ಷನ್ನು ಅದಿರಿನ ಪುಡಿಯಂತೆ ಪಾಲು ಮಾಡಿ ಹಂಚಲಾಗದು. ಬಲ ನೋಡಬೇಕಾದರೆ ಅದನ್ನು ಮುರಿಯಬೇಕು. ಮುರಿದದ್ದನ್ನು ಇನ್ನೊಬ್ಬರು ಮುರಿಯುವಂತಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಹಂಚುತ್ತಿರುವುದು ವಸ್ತುವೇ ಅಲ್ಲ. ಹಂಚುವುದು ಫೈಲು. ವಸ್ತು ಹುಟ್ಟುವುದು ಅಲ್ಲಲ್ಲೇ, ಅಲ್ಲಿನ ಸೆಕೆಯಲ್ಲಿ, ಅಲ್ಲಿನ ಕರೆಂಟಿನಲ್ಲಿ, ಅಲ್ಲಿನ ಹುಡುಗನ ಕೈಯಲ್ಲಿ. ನೈಲಾನ್ ಗಾಳಿಯ ತೇವವನ್ನು ಹೀರುತ್ತದೆ. ನೀರು ತುಂಬಿದ ಗದ್ದೆಗಳ ನಡುವೆ ಮಳೆಗಾಲದಲ್ಲಿ ತೆರೆದಿಟ್ಟ ಸುರುಳಿ ನಾಜಲ್ಲಿನೊಳಗೆ ಚಟಪಟಗುಟ್ಟಿ, ಆವಿಯ ಗುಳ್ಳೆಗಳನ್ನು ಪದರದಲ್ಲಿ ಬಿಟ್ಟುಹೋಗುತ್ತದೆ. ಮುದ್ರಣದ ನಡುವೆ ಕರೆಂಟು ಹೋಗಿ ಬಂದರೆ, ಯಂತ್ರ ನಿಂತಲ್ಲಿಂದಲೇ ಮುಂದುವರಿಸಿದರೂ, ಆರಿದ ಪದರದ ಮೇಲೆ ಬಿಸಿ ಪದರ ಸರಿಯಾಗಿ ಬೆಸೆಯದೆ ಅಲ್ಲೊಂದು ದುರ್ಬಲ ಗೆರೆ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಎರಡು ಬುಷ್‌ಗಳೂ ಅವಳಿ ಜವಳಿ.

ಹಾಗಾಗಿ ಫೈಲು ಅದಿರಿನಂತಲ್ಲ, ಬಿತ್ತನೆ ಬೀಜದಂತೆ. ಬೀಜ ಒಂದೇ ಚೀಲದ್ದಾದರೂ ಬೆಳೆ ಆ ಮಣ್ಣಿನದು. 3ಡಿ ಮುದ್ರಣದ ಬಹುಸ್ಥಳ ಅಧ್ಯಯನಗಳು ಕಲಿಯಬೇಕಾದದ್ದು ಹಟ್ಟಿಯ ಕುಲುಮೆಯಿಂದಲ್ಲ, ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಿಂದ ಎಂಬುದು ನನ್ನ ವಾದ.

ಭತ್ತದ ತಳಿಯೊಂದು ರೈತನ ಹೊಲ ತಲುಪುವ ಮೊದಲು ಏನಾಗುತ್ತದೆ ನೋಡಿ. 1965ರಲ್ಲಿ ಹೈದರಾಬಾದಿನಲ್ಲಿ ಅಖಿಲ ಭಾರತ ಸಂಯೋಜಿತ ಭತ್ತ ಸುಧಾರಣಾ ಯೋಜನೆ ಶುರುವಾಯಿತು. ಅಂದಿನಿಂದ ದೇಶದ ಮೂಲೆಮೂಲೆಯ ಕೇಂದ್ರಗಳಲ್ಲಿ ಹೊಸ ತಳಿಗಳನ್ನು ಒಟ್ಟಿಗೇ ಬೆಳೆದು ನೋಡುವ ಪದ್ಧತಿ ಇದೆ. ಕರ್ನಾಟಕದಲ್ಲಿ ಮಂಡ್ಯ ಅಂಥ ಒಂದು ಕೇಂದ್ರ. ಸಿಂಧನೂರಿನ ಪಕ್ಕದ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇನ್ನೊಂದು. ತಳಿಗಳು ಹುಟ್ಟೂರಿನ ಹೆಸರಿನಿಂದ ಬರುವುದಿಲ್ಲ, ಐಇಟಿ ಎಂಬ ಸಂಖ್ಯೆ ತೊಟ್ಟು ಬರುತ್ತವೆ. ಯಾವುದು ಯಾರ ಮಗು ಎಂದು ಬೆಳೆಯುವವರಿಗೆ ಸುಲಭಕ್ಕೆ ಗೊತ್ತಾಗಬಾರದು. ಪ್ರತಿ ತಳಿಯನ್ನೂ ಒಂದೇ ತಾಕಿನಲ್ಲಿ ಬೆಳೆಯುವುದಿಲ್ಲ, ಹಲವು ತಾಕುಗಳಲ್ಲಿ ಬೆಳೆಯುತ್ತಾರೆ. ಯಾವ ತಳಿ ಯಾವ ತಾಕಿಗೆ ಎಂಬುದನ್ನು ಚೀಟಿ ಎತ್ತಿದಂತೆ ಗೊತ್ತುಮಾಡುತ್ತಾರೆ. ಇಲ್ಲದಿದ್ದರೆ ಮೆಚ್ಚಿನ ತಳಿಗೆ ಕಾಲುವೆಯ ಹತ್ತಿರದ ತಾಕು ದಕ್ಕಿಬಿಡುವುದು ಮನುಷ್ಯ ಸಹಜ.

ಎಲ್ಲಕ್ಕಿಂತ ಜಾಣತನದ ನಿಯಮ ಹೋಲಿಕೆಯ ತಳಿಗಳದ್ದು. ಹೊಸ ತಳಿಗಳ ನಡುವೆಯೇ, ದೇಶಕ್ಕೆಲ್ಲ ಒಂದು, ಆ ಪ್ರದೇಶಕ್ಕೆ ಒಂದು, ಆ ಊರಿನವರು ಈಗಾಗಲೇ ನೆಚ್ಚಿಕೊಂಡಿರುವ ಒಂದು, ಹೀಗೆ ಗೊತ್ತಿರುವ ತಳಿಗಳನ್ನೂ ಬೆಳೆಯುತ್ತಾರೆ. ಹೊಸ ತಳಿ ಎಷ್ಟು ಕ್ವಿಂಟಲ್ ಕೊಟ್ಟಿತು ಎಂಬುದು ಅರ್ಧ ಮಾತು. ಅದೇ ಗದ್ದೆಯಲ್ಲಿ, ಅದೇ ನೀರಿನಲ್ಲಿ, ಊರ ತಳಿಗಿಂತ ಎಷ್ಟು ಹೆಚ್ಚು ಕೊಟ್ಟಿತು ಎಂಬುದು ಪೂರ್ತಿ ಮಾತು. ಮಂಡ್ಯದ ಅಂಕಿಯನ್ನು ಗಂಗಾವತಿಯ ಅಂಕಿಯ ಪಕ್ಕಕ್ಕಿಟ್ಟು ಹೋಲಿಸುವಂತಿಲ್ಲ. ಎರಡೂ ಕಡೆ ಇರುವ ಪರಿಚಿತ ತಳಿ ಸೇತುವೆಯಾದಾಗ ಮಾತ್ರ ಹೋಲಿಕೆಗೆ ಅರ್ಥ ಬರುತ್ತದೆ.

ಇನ್ನೊಂದು ಸಂಗತಿ ಈ ಭಾಗದ ರೈತರಿಗೆ ಪಾಠ ಹೇಳಿಸಿಕೊಳ್ಳದೆಯೇ ಗೊತ್ತು. 1986ರಲ್ಲಿ ಆಂಧ್ರದ ಬಾಪಟ್ಲಾದಿಂದ ಬಂದ ಬಿಪಿಟಿ 5204, ಜನರ ಬಾಯಲ್ಲಿ ಸೋನಾ ಮಸೂರಿ, ಒಳ್ಳೆಯ ನೆಲದಲ್ಲಿ ರಾಜನಂತಿತ್ತು. ಆದರೆ ನೀರು ಬಸಿಯದೆ ಸವಳಾದ ಗದ್ದೆಗಳಲ್ಲಿ ಆಟ ಬೇರೆ. ಅಂಥ ನೆಲವನ್ನು ತಾಳಿಕೊಳ್ಳುವ ಗಂಗಾವತಿ ಸೋನಾ ತಳಿಯನ್ನು ಈ ಕಡೆಯವರೇ ರೂಪಿಸಬೇಕಾಯಿತು. ಯಾವ ತಳಿ ಮೇಲು ಎಂಬ ಪ್ರಶ್ನೆಗೆ ಊರು ಕೇಳದೆ ಉತ್ತರವಿಲ್ಲ. ಜಾಗ ಬದಲಾದರೆ ಇಳುವರಿ ಕಡಿಮೆಯಾಗುವುದಷ್ಟೇ ಅಲ್ಲ, ತಳಿಗಳ ಸರದಿಯೇ ತಿರುಗುಮುರುಗಾಗುತ್ತದೆ. 1963ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಫಿನ್ಲೆ ಮತ್ತು ವಿಲ್ಕಿನ್ಸನ್ 277 ಬಾರ್ಲಿ ತಳಿಗಳನ್ನು ಹಲವು ಕಡೆ, ಹಲವು ಹಂಗಾಮುಗಳಲ್ಲಿ ಬೆಳೆದು, ಪ್ರತಿ ಜಾಗದ ಎಲ್ಲ ತಳಿಗಳ ಸರಾಸರಿಯನ್ನೇ ಆ ಜಾಗದ ಒಳ್ಳೆಯತನದ ಅಳತೆ ಮಾಡಿಕೊಂಡರು. ಆ ಅಳತೆಯ ಎದುರು ಒಂದೊಂದು ತಳಿಯ ಇಳುವರಿಯನ್ನಿಟ್ಟು ಗೆರೆ ಎಳೆದರು. ಗೆರೆ ಕಡಿದಾಗಿ ಏರಿದರೆ ಅದು ಒಳ್ಳೆಯ ನೆಲದಲ್ಲಿ ಮೆರೆದು ಕೆಟ್ಟ ನೆಲದಲ್ಲಿ ಕೈಕೊಡುವ ತಳಿ. ಗೆರೆ ಹೆಚ್ಚುಕಡಿಮೆ ಮಟ್ಟಸವಾಗಿದ್ದರೆ ಎಲ್ಲಿ ಹಾಕಿದರೂ ಅಷ್ಟಕ್ಕಷ್ಟು ಕೊಡುವ ನಂಬಿಗಸ್ತ.

ಮುದ್ರಣ ಯಂತ್ರದ ವೇಗ, ಶಾಖ, ಪದರದ ದಪ್ಪ ಇವುಗಳ ಒಂದೊಂದು ಜೋಡಣೆಯನ್ನೂ ಹೀಗೇ ತಳಿ ಎಂದು ಭಾವಿಸಿ, ಒಂದೊಂದು ಕಾರ್ಯಾಗಾರವನ್ನೂ ನೆಲ ಎಂದು ಭಾವಿಸಿ ಗೆರೆ ಎಳೆಯಬಾರದೇಕೆ? ಸಿಂಧನೂರಿಗೆ ಬೇಕಿರುವುದು ಪೀಣ್ಯದ ತಂಪು ಕೋಣೆಯಲ್ಲಿ ದಾಖಲೆ ಮುರಿಯುವ ಜೋಡಣೆಯಲ್ಲ. 40 ಡಿಗ್ರಿಯ ಬೇಸಿಗೆಯಲ್ಲೂ ಗೆರೆ ಮಟ್ಟಸವಾಗಿ ಉಳಿಯುವಂಥದ್ದು. ಯಂತ್ರ ಮಾರುವವರ ಪುಸ್ತಿಕೆಗಳಲ್ಲಿ ಇಂಥ ಗೆರೆಗೆ ಜಾಗವಿಲ್ಲ. ಅಲ್ಲಿರುವುದು ಒಂದು ಜಾಗದ, ಒಂದು ಒಳ್ಳೆಯ ದಿನದ ಅಂಕಿ.

ಲೋಹದ ಮುದ್ರಣದಲ್ಲಿ ಈ ಬಗೆಯ ಹೋಲಿಕೆ ಗಂಭೀರವಾಗಿ ನಡೆದಿದೆ. ಅಲ್ಲಿ ದಾರವಿಲ್ಲ, ಕೂದಲಿಗಿಂತ ಸಣ್ಣ ಕಣಗಳ ಲೋಹದ ಪುಡಿಯನ್ನು ತೆಳುವಾಗಿ ಹರಡಿ, ಬೇಕಾದ ಕಡೆ ಮಾತ್ರ ಲೇಸರಿನಿಂದ ಕರಗಿಸುತ್ತಾರೆ. ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆ ನಿಸ್ಟ್, 625 ಎಂಬ ನಿಕ್ಕಲ್ ಮಿಶ್ರಲೋಹದ ಮೇಲೆ ನಡೆಸಿದ ಅಧ್ಯಯನವನ್ನು 2018ರಲ್ಲಿ ಪ್ರಕಟಿಸಿತು. ಬೀಜ ಒಂದೇ ಎಂಬುದನ್ನು ಅದು ಕಟ್ಟುನಿಟ್ಟಾಗಿ ಪಾಲಿಸಿತು: ಒಂದೇ ತಯಾರಿಕೆಯ ಪುಡಿ, ಒಂದೇ ಫೈಲು, ಒಂದೇ ಕ್ರಮ. ಇಷ್ಟೆಲ್ಲ ಆದ ಮೇಲೂ ಒಬ್ಬರು ಮುದ್ರಿಸಿದ ತುಂಡುಗಳಿಗೂ ಇನ್ನೊಬ್ಬರವಕ್ಕೂ ಬಲದಲ್ಲಿ ಗಮನಾರ್ಹ ಅಂತರ ಉಳಿಯಿತು. ಕಾರಣಗಳ ಪಟ್ಟಿ ಉದ್ದ. ಲೇಸರಿನ ನಿಜವಾದ ಶಕ್ತಿ ಪರದೆಯ ಮೇಲಿನ ಅಂಕಿಯಷ್ಟೇ ಇರಬೇಕೆಂದಿಲ್ಲ. ಆರ್ಗಾನ್ ಅನಿಲ ಬೀಸುವ ದಿಕ್ಕಿನಲ್ಲಿ ಸಿಡಿದ ಕಿಡಿಗಳು ಹೋಗಿ ಬೀಳುವ ಮೂಲೆಯ ತುಂಡಿಗೂ ಎದುರು ಮೂಲೆಯ ತುಂಡಿಗೂ ವ್ಯತ್ಯಾಸ ಬರಬಹುದು. ಮುದ್ರಣದ ಒಂದೇ ತಟ್ಟೆಯೊಳಗೇ ಕಾಲುವೆಯ ಮೇಲ್ಭಾಗ, ಕೊನೆಭಾಗ ಇದೆ ಎಂದಾಯಿತು; ನೀರಿಗಾಗಿ ಆ ಎರಡರ ನಡುವೆ ನಡೆಯುವ ಜಗಳವನ್ನು ಸಿಂಧನೂರಿನವರಿಗೆ ಹೇಳಿಕೊಡಬೇಕಿಲ್ಲ.

ಇಲ್ಲೇ ಎಷ್ಟೋ ಸಂಶೋಧನಾ ಲೇಖನಗಳು ಜಾರುವುದು. ಒಂದೇ ತಟ್ಟೆಯ ಮೇಲೆ ಒಂದೇ ಸಲಕ್ಕೆ ಐದು ತುಂಡು ಮುದ್ರಿಸಿ, ಐದನ್ನೂ ಎಳೆದು ಮುರಿದು, ಐದು ಸಲ ಪ್ರಯೋಗ ಮಾಡಿದ್ದೇವೆ ಎಂದು ಬರೆಯುತ್ತಾರೆ. ಅದು ಒಂದೇ ಗದ್ದೆಯಿಂದ ಐದು ಬುಡ ಕಿತ್ತು ತಂದು ಐದು ಊರಿನ ಬೆಳೆ ಎಂದ ಹಾಗೆ. ಆ ದಿನ ಸುರುಳಿಗೆ ತೇವ ಬಡಿದಿದ್ದರೆ ಐದಕ್ಕೂ ಬಡಿದಿರುತ್ತದೆ. ಐದು ತುಂಡುಗಳು ಒಂದನ್ನೊಂದು ಚೆನ್ನಾಗಿ ಹೋಲುವುದರಿಂದ ತಪ್ಪು ಇನ್ನಷ್ಟು ಭರವಸೆಯಿಂದ ಕಾಣಿಸಿಕೊಳ್ಳುತ್ತದೆ.

ಅಂತರವನ್ನು ಎರಡಾಗಿ ಬಿಡಿಸಿ ಹೇಳಬೇಕು ಎನ್ನುತ್ತದೆ ಐಎಸ್‌ಒ 5725. ಒಂದೇ ಜಾಗದಲ್ಲಿ, ಅದೇ ಕೈ, ಅದೇ ಯಂತ್ರ, ಸ್ವಲ್ಪ ಹೊತ್ತಿನೊಳಗೆ ಮತ್ತೆ ಮಾಡಿದರೆ ಬರುವ ಅಂತರ ಒಂದು. ಜಾಗ, ಕೈ, ಯಂತ್ರ ಎಲ್ಲವೂ ಬದಲಾದಾಗ ಬರುವ ಅಂತರ ಇನ್ನೊಂದು. ಲೆಕ್ಕಕ್ಕೆಂದು ಊಹಿಸಿಕೊಳ್ಳೋಣ: ನೈಲಾನ್ ತುಂಡುಗಳ ಬಲದಲ್ಲಿ ಒಂದೇ ಅಂಗಡಿಯೊಳಗಿನ ಮಾನಕ ವಿಚಲನೆ 1 ಮೆಗಾಪ್ಯಾಸ್ಕಲ್, ಅಂಗಡಿ ಅಂಗಡಿಗಳ ನಡುವಿನದು 3. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಒಟ್ಟು ಸುಮಾರು 3.2. ಎರಡು ತುಂಡುಗಳ ನಡುವೆ ನಿರೀಕ್ಷಿಸಬಹುದಾದ ಅಂತರದ ಮಿತಿಗೆ ಮಾನದಂಡ ಹೇಳುವಂತೆ 2.8ರಿಂದ ಗುಣಿಸಬೇಕು. ಅಂದರೆ ಒಂದೇ ಅಂಗಡಿಯ ಎರಡು ತುಂಡುಗಳು 2.8ರವರೆಗೆ ಬೇರೆಯಾಗಿದ್ದರೆ ಅಚ್ಚರಿಯಿಲ್ಲ. ಬೇರೆ ಅಂಗಡಿಗಳವು ಸುಮಾರು 9ರವರೆಗೆ ಬೇರೆಯಾದರೂ ಅಚ್ಚರಿಪಡುವಂತಿಲ್ಲ. ಮಾರುವವರು ಹೇಳುವುದು ಮೊದಲನೆಯದನ್ನು. ಬುಷ್ ಕೊಳ್ಳುವವನ ತಲೆಯ ಮೇಲೆ ಬೀಳುವುದು ಎರಡನೆಯದು.

ಬಾಹ್ಯಾಕಾಶದವರು ಈ ಎರಡನೆಯ ಅಂತರದ ಗೋಜಿಗೇ ಹೋಗದ ದಾರಿ ಹಿಡಿದಿದ್ದಾರೆ. 2024ರ ಮೇ 9ರಂದು ಇಸ್ರೋ ತನ್ನ ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಎಂಜಿನ್ ಒಂದನ್ನು 665 ಸೆಕೆಂಡು ಉರಿಸಿ ನೋಡಿತು. ಅದು ಲೋಹದ ಪುಡಿಯಿಂದ ಮುದ್ರಿಸಿದ್ದು. ತಯಾರಿಸಿದ್ದು ವಿಪ್ರೊ 3ಡಿ. 14 ಬಿಡಿಭಾಗಗಳು ಒಂದೇ ಆಗಿದ್ದವು, 19 ಬೆಸುಗೆಗಳು ಮಾಯವಾಗಿದ್ದವು, 565 ಕಿಲೋ ಲೋಹದಿಂದ ಕೆತ್ತಿ ತೆಗೆಯುತ್ತಿದ್ದ ಜಾಗದಲ್ಲಿ 13.7 ಕಿಲೋ ಪುಡಿ ಸಾಕಾಗಿತ್ತು. ಇಂಥ ಕೆಲಸದಲ್ಲಿ ಊರೂರಿಗೆ ಫೈಲು ಕಳಿಸುವ ಪ್ರಶ್ನೆಯೇ ಇಲ್ಲ. 2021ರ ನಾಸಾ ಮಾನದಂಡ 6030ರ ಧೋರಣೆಯೂ ಅದೇ: ಒಂದು ಯಂತ್ರದಲ್ಲಿ ಒಂದು ಪುಡಿಗೆ ಒಂದು ಕ್ರಮ ಪಾಸಾದರೆ ಆ ಪಾಸು ಆ ಯಂತ್ರಕ್ಕೆ ಮಾತ್ರ, ಪಕ್ಕದಲ್ಲಿರುವ ಅದೇ ಮಾದರಿಯ ಇನ್ನೊಂದು ಯಂತ್ರಕ್ಕಲ್ಲ. ರಾಕೆಟ್ಟಿಗೆ ಇದು ಸರಿ. ಕಟಾವಿನ ಯಂತ್ರದ ಬುಷ್ಷಿಗೆ ಇಷ್ಟು ಖರ್ಚು ಮಾಡುವವರಿಲ್ಲ.

ನಡುವಿನ ಒಂದು ದಾರಿಯನ್ನು ಕಾಂಕ್ರೀಟಿನವರು ತೋರಿಸಿದ್ದಾರೆ. ಬೆಂಗಳೂರಿನ ಕೇಂಬ್ರಿಡ್ಜ್ ಬಡಾವಣೆಯಲ್ಲಿ 2023ರ ಆಗಸ್ಟ್ 18ರಂದು ತೆರೆದ, 1,021 ಚದರ ಅಡಿಯ ಅಂಚೆ ಕಚೇರಿಯ ಗೋಡೆಗಳು ಮುದ್ರಿಸಿದವು. ಕಟ್ಟಿದ್ದು ಎಲ್ ಅಂಡ್ ಟಿ, ತಾಂತ್ರಿಕ ನೆರವು ಮದ್ರಾಸ್ ಐಐಟಿಯದು, ಹಿಡಿದ ಸಮಯ 43 ದಿನ. ಆದರೆ ಕಾಂಕ್ರೀಟಿಗೆ ಎಲ್ಲರೂ ಒಂದೇ ಮಿಶ್ರಣ ಬಳಸಿ ಎನ್ನುವುದು ಆಗದ ಮಾತು. ಮರಳೂ ಸಿಮೆಂಟೂ ಊರೂರಿನವು. ರಿಲೆಮ್ ಎಂಬ ಅಂತಾರಾಷ್ಟ್ರೀಯ ಸಂಘಟನೆಯ ಸಮಿತಿಯೊಂದು 30 ಪ್ರಯೋಗಾಲಯಗಳನ್ನು ಕಲೆಹಾಕಿ ಹೋಲಿಕೆ ನಡೆಸಿದಾಗ ಈ ಸತ್ಯವನ್ನು ಒಪ್ಪಿಕೊಂಡಿತು. ಮಿಶ್ರಣ ನಿಮ್ಮದು, ಯಂತ್ರ ನಿಮ್ಮದು. ಆದರೆ ಅದೇ ಮಿಶ್ರಣವನ್ನು ಮುದ್ರಿಸುವುದರ ಜೊತೆಗೆ ಹಳೆಯ ರೀತಿಯಲ್ಲಿ ಅಚ್ಚಿಗೂ ಸುರಿಯಿರಿ, ಮುದ್ರಿಸಿದ್ದನ್ನು ಬೇರೆ ಬೇರೆ ದಿಕ್ಕಿನಲ್ಲಿ ಒತ್ತಿ, ಬಾಗಿಸಿ ನೋಡಿ. ಅಚ್ಚಿಗೆ ಸುರಿದ ತುಂಡೇ ಇಲ್ಲಿ ಊರ ತಳಿ. ಅದಕ್ಕೆ ಹೋಲಿಸಿದರೆ ಪದರ ಕಟ್ಟಿದ್ದು ಯಾವ ದಿಕ್ಕಿನಲ್ಲಿ ಎಷ್ಟು ಕಳೆದುಕೊಂಡಿತು ಎಂಬ ಅನುಪಾತವನ್ನು ಊರಿಂದೂರಿಗೆ ಧೈರ್ಯವಾಗಿ ಹೋಲಿಸಬಹುದು.

3ಡಿ ಮುದ್ರಣದ ಬಹುಸ್ಥಳ ಪರೀಕ್ಷೆಗೆಂದೇ ಐಎಸ್‌ಒ ಮತ್ತು ಎಎಸ್‌ಟಿಎಂ ಜೊತೆಯಾಗಿ 52917 ಎಂಬ ಮಾರ್ಗದರ್ಶಿಯನ್ನು 2022ರಲ್ಲಿ ಹೊರತಂದಿವೆ. ಗುರಿ ಏನೆಂದು ಮೊದಲೇ ಬರೆದಿಡುವುದು, ಭಾಗವಹಿಸುವವರು ಯಾರು, ಕಚ್ಚಾ ಸಾಮಗ್ರಿ ಹಂಚುವವರಾರು, ಅಂಕಿ ಕೂಡಿಸುವವರಾರು, ಇಂಥವುಗಳ ಸುತ್ತ ಅದರ ಮಾತು. ಇನ್ನೊಂದು ಮಾನದಂಡ, 52921, ತುಂಡು ತಟ್ಟೆಯ ಮೇಲೆ ನಿಂತಿತ್ತೋ ಮಲಗಿತ್ತೋ ಎಂಬುದನ್ನು ಅಕ್ಷರಗಳಲ್ಲಿ ಸೂಚಿಸುವ ಒಪ್ಪಂದ. ಕ್ಷುಲ್ಲಕವೆನ್ನಿಸಬಹುದು. ಆದರೆ ನಿಲ್ಲಿಸಿ ಮುದ್ರಿಸಿದ ಪ್ಲಾಸ್ಟಿಕ್ ತುಂಡನ್ನು ಉದ್ದಕ್ಕೆ ಎಳೆದರೆ ಪದರಗಳು ಬಿಟ್ಟುಕೊಳ್ಳುತ್ತವೆ, ಮಲಗಿಸಿ ಮುದ್ರಿಸಿದ್ದನ್ನು ಎಳೆದರೆ ದಾರಗಳೇ ಹರಿಯಬೇಕು. ಈ ಒಂದು ಪದ ಬರೆಯದ ವರದಿ ರದ್ದಿಗೆ ಸಮ. ಮಾಡಿದ ಕೈ ಯಾರದ್ದೆಂದು ಬರೆಯುವುದೂ ಹಾಗೆಯೇ. ಅಶೋಕನ ಕಿರು ಶಾಸನದ ಪಾಠ ಮಸ್ಕಿಯಲ್ಲೂ ಇದೆ, ಬ್ರಹ್ಮಗಿರಿಯಲ್ಲೂ ಇದೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಪ್ರತಿಯಲ್ಲಿ ಅಶೋಕ ಎಂಬ ಹೆಸರು ಸಿಕ್ಕಿತು. ಬ್ರಹ್ಮಗಿರಿಯದರಲ್ಲಿ ಆ ಹೆಸರಿಲ್ಲ, ಬದಲಿಗೆ ಚಪಡ ಎಂಬ ಲಿಪಿಕಾರನ ಸಹಿ ಇದೆ. ಒಂದೇ ಆಜ್ಞೆ ಊರೂರಿಗೆ ಹೋಗಿ ಕಲ್ಲಿಗಿಳಿದಾಗ ಆದ ಇಂಥ ವ್ಯತ್ಯಾಸಗಳಿಂದಲೇ ವಿದ್ವಾಂಸರು ಎಷ್ಟೋ ತಿಳಿದುಕೊಂಡರು.

ಹಾಗಾದರೆ ನಮ್ಮ ಬುಷ್ಷಿಗೆ ಪ್ರಯೋಗ ಹೇಗಿರಬೇಕು? ಸಿಂಧನೂರು, ರಾಯಚೂರು, ಬಳ್ಳಾರಿ, ಹುಬ್ಬಳ್ಳಿ, ಕಲಬುರಗಿ, ಪೀಣ್ಯ ಎಂದು ಕನಿಷ್ಠ ಆರು ಜಾಗ. ಒಂದೇ ತಯಾರಿಕೆಯ ನೈಲಾನ್ ಸುರುಳಿಗಳು, ಗಾಳಿಯಾಡದಂತೆ ಮುಚ್ಚಿ, ಸಂಖ್ಯೆ ಹಾಕಿ ಹಂಚಿದ್ದು. ಪ್ರತಿ ಜಾಗದಲ್ಲೂ ಬೇರೆ ಬೇರೆ ದಿನ, ಬೇರೆ ಬೇರೆ ಮುದ್ರಣ. ಒಂದು ತಟ್ಟೆಯ ಫಲ ಒಂದೇ ಎಂದು ಲೆಕ್ಕ. ಮುದ್ರಿಸಿದ್ದರಲ್ಲಿ ಅರ್ಧವನ್ನು ಅಲ್ಲೇ ಮುರಿಯಲಿ, ಅರ್ಧವನ್ನು ಒಂದೇ ಪ್ರಯೋಗಾಲಯಕ್ಕೆ ಕಳಿಸಲಿ. ಮಾಡಿದ್ದರ ಅಂತರ ಯಾವುದು, ಅಳೆದದ್ದರ ಅಂತರ ಯಾವುದು ಎಂದು ಆಗ ಬಿಡಿಸಬಹುದು. ಊರ ತಳಿಯಾಗಿ, ಲೇಥ್ ಅಂಗಡಿಯಲ್ಲಿ ನೈಲಾನ್ ರಾಡಿನಿಂದ ತಿರುವಿದ ಬುಷ್ ಪ್ರತಿ ಸಾಲಿನಲ್ಲೂ ಇರಲೇಬೇಕು, ಏಕೆಂದರೆ ಸಿಂಧನೂರಿನಲ್ಲಿ ಮುದ್ರಿತ ಬುಷ್ ಗೆಲ್ಲಬೇಕಾದದ್ದು ಪೀಣ್ಯದ ಬುಷ್ಷಿನ ಮೇಲಲ್ಲ, ಇದರ ಮೇಲೆ.

ಫಲಿತಾಂಶವನ್ನು ಓದಲು ಅಮೆರಿಕದ ಡಬ್ಲ್ಯು. ಜೆ. ಯೂಡನ್ 1959ರಲ್ಲಿ ಕೊಟ್ಟ ಚಿತ್ರ ಸಾಕು. ಯೂಡನ್ ಮಾನದಂಡ ಸಂಸ್ಥೆಗೆ ಬರುವ ಮೊದಲು ಸಸ್ಯ ಸಂಶೋಧನಾಲಯವೊಂದರಲ್ಲಿ ಎರಡು ದಶಕ ದುಡಿದ ರಸಾಯನವಿಜ್ಞಾನಿ. ಗಿಡ, ಎಲೆ, ತಾಕುಗಳ ಪ್ರಯೋಗದ ಗಣಿತ ಅಲ್ಲಿಂದ ಪ್ರಯೋಗಾಲಯಗಳ ಹೋಲಿಕೆಗೆ ದಾಟಿದ್ದು ಹೀಗೆ. ಅವರ ಉಪಾಯದಲ್ಲಿ ಪ್ರತಿ ಜಾಗವೂ ಹೆಚ್ಚುಕಡಿಮೆ ಒಂದೇ ಬಗೆಯ ಎರಡು ಮಾದರಿಗಳನ್ನು ಅಳೆಯುತ್ತದೆ, ಉದಾಹರಣೆಗೆ ಒಂದು ದಪ್ಪ ಗೋಡೆಯ ಬುಷ್, ಒಂದು ಸ್ವಲ್ಪ ತೆಳುವಿನದು. ಮೊದಲನೆಯದರ ಬಲ ಅಡ್ಡಕ್ಕೆ, ಎರಡನೆಯದರದು ಲಂಬಕ್ಕೆ, ಒಂದು ಜಾಗಕ್ಕೆ ಒಂದು ಚುಕ್ಕೆ. ಚುಕ್ಕೆಗಳು ನಡುವಿನ ಸುತ್ತ ದುಂಡಗೆ ಚೆಲ್ಲಿದ್ದರೆ ತಪ್ಪುಗಳು ಆಕಸ್ಮಿಕ. ಯಾರನ್ನೂ ದೂರುವಂತಿಲ್ಲ, ಹೆಚ್ಚು ಮುದ್ರಿಸಿ ಸರಾಸರಿ ತೆಗೆಯುವುದೊಂದೇ ದಾರಿ. ಆದರೆ ಎಡ ಕೆಳಮೂಲೆಯಿಂದ ಬಲ ಮೇಲ್ಮೂಲೆಗೆ ಓರೆಯಾಗಿ ಸಾಲುಗಟ್ಟಿದರೆ, ಒಂದರಲ್ಲಿ ಕಡಿಮೆ ಪಡೆದ ಜಾಗ ಎರಡರಲ್ಲೂ ಕಡಿಮೆ ಪಡೆಯುತ್ತಿದೆ ಎಂದರ್ಥ. ಅದು ಆ ಜಾಗದ ಹಣೆಬರಹವಲ್ಲ, ಹುಡುಕಿದರೆ ಸಿಗುವ ಕಾರಣ. ಸಿಂಧನೂರಿನ ಚುಕ್ಕೆ ಆ ಸಾಲಿನ ಕೆಳತುದಿಯಲ್ಲಿ ಕಂಡರೆ ಯಂತ್ರವನ್ನು ಬೈಯುವ ಮೊದಲು ಸುರುಳಿಯನ್ನು ಸಣ್ಣ ಉರಿಯ ಒಲೆಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಒಣಗಿಸಿ, ಯುಪಿಎಸ್ ಒಂದನ್ನು ಜೋಡಿಸಿ, ನಾಜಲ್ಲಿನ ಶಾಖವನ್ನು ಬೇರೊಂದು ಥರ್ಮಾಮೀಟರಿನಿಂದ ಅಳೆದು, ಆ ಎರಡು ಬುಷ್‌ಗಳನ್ನು ಮತ್ತೆ ಮುದ್ರಿಸಬೇಕು.